ಆ ರಾಜ ಅಶೋಕನೇ ಅಂತ ಗೊತ್ತಾಗಿದ್ದು ಹೇಗೆ?

ಇತಿಹಾಸದಲ್ಲಿ ಆಸಕ್ತಿ ಇರುವವರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಅಶೋಕ ಅನ್ನುವ ಹೆಸರು ಅವನದೇ ಶಾಸನದಲ್ಲಿ ಮೊದಲು ಸಿಕ್ಕಿದ್ದು ಎಲ್ಲಿ? ಮಸ್ಕಿಯಲ್ಲಿ. ಇಲ್ಲಿರುವ ಹೆಚ್ಚಿನವರಿಗೆ ಇದು ಗೊತ್ತು. ಕೆಪಿಎಸ್‌ಸಿ ಪರೀಕ್ಷೆಗೆ ಓದುವವರಿಗಂತೂ ಬಾಯಿಪಾಠ. ಒಂದು ಅಂಕದ ಪ್ರಶ್ನೆ, ಒಂದು ಪದದ ಉತ್ತರ. ಆ ಒಂದು ಪದ ನಮ್ಮ ಕೈಗೆ ಬರುವುದಕ್ಕೆ ಎಷ್ಟು ಜನ ಎಷ್ಟು ಊರುಗಳಲ್ಲಿ ಕೂತು ಕೆಲಸ ಮಾಡಿದರು, ಎಲ್ಲೆಲ್ಲಿ ತಪ್ಪಿದರು, ಆ ತಪ್ಪನ್ನು ಯಾರು ಹೇಗೆ ಹಿಡಿದರು ಅನ್ನುವುದನ್ನು ಇವತ್ತು ಹೇಳುತ್ತೇನೆ. ಒಂದು ವಿಷಯ ನಿಜ ಅಂತ ಜನ ಹೇಗೆ ತೀರ್ಮಾನ ಮಾಡುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕತೆ ನನಗೆ ಸಿಕ್ಕಿಲ್ಲ. ಅದರ ದೊಡ್ಡ ಪಾಲು ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ, ಚಿತ್ರದುರ್ಗ, ಕಲಬುರಗಿ ಜಿಲ್ಲೆಗಳಲ್ಲೇ ನಡೆದಿದೆ.

ಮೊದಲು ಒಂದು ಮಾತು ನೆನಪಿಡಿ. ಇನ್ನೂರೈವತ್ತು ವರ್ಷದ ಹಿಂದೆ ಈ ದೇಶದಲ್ಲಿ ಅಶೋಕನ ಹೆಸರು ಇತ್ತು. ಪುರಾಣಗಳ ರಾಜವಂಶದ ಪಟ್ಟಿಯಲ್ಲಿ ಇತ್ತು. ಅಶೋಕನ ಕಂಬಗಳೂ ಇದ್ದವು. ದೆಹಲಿಯಲ್ಲಿ, ಅಲಹಾಬಾದಿನಲ್ಲಿ, ಬಿಹಾರದ ಹಳ್ಳಿಗಳಲ್ಲಿ ಜನ ದಿನಾ ನೋಡುತ್ತಿದ್ದರು. ಹೆಸರು ಒಂದು ಕಡೆ, ಕಲ್ಲು ಇನ್ನೊಂದು ಕಡೆ. ಎರಡನ್ನೂ ಜೋಡಿಸುವ ಎಳೆ ಮಾತ್ರ ಕಡಿದುಹೋಗಿತ್ತು. ಕಲ್ಲಿನ ಮೇಲಿದ್ದ ಬ್ರಾಹ್ಮಿ ಅನ್ನುವ ಲಿಪಿಯನ್ನು ಓದಬಲ್ಲವರು ಒಬ್ಬರೂ ಉಳಿದಿರಲಿಲ್ಲ.

ಓದಲು ಬರದ ಕಲ್ಲಿನ ಎದುರು ಜನ ಏನು ಮಾಡುತ್ತಾರೆ? ಹದಿನಾಲ್ಕನೇ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಹರಿಯಾಣದ ತೋಪ್ರಾ ಅನ್ನುವ ಊರಿನಿಂದ ಒಂದು ಕಂಬವನ್ನು ದೆಹಲಿಗೆ ತರಿಸಿದ. ನಲವತ್ತೆರಡು ಗಾಲಿಯ ಬಂಡಿಯ ಮೇಲೆ ಅದನ್ನು ಯಮುನೆಯವರೆಗೆ ಎಳೆದು, ಅಲ್ಲಿಂದ ದೋಣಿಗಳ ಮೇಲೆ ಸಾಗಿಸಿದರು ಅಂತ ಆ ಕಾಲದ ಚರಿತ್ರಕಾರ ಆಫಿಫ್ ಬರೆದಿದ್ದಾನೆ. ಕಂಬ ನಿಂತ ಮೇಲೆ ಸುಲ್ತಾನ ಪಂಡಿತರನ್ನು ಕರೆಸಿ ಓದಿಸಲು ನೋಡಿದ. ಯಾರಿಗೂ ಬರಲಿಲ್ಲ. ಕೆಲವರು ಮಾತ್ರ ಹೀಗೆ ಹೇಳಿದರಂತೆ: ಮುಂದೆ ಫಿರೋಜ್ ಅನ್ನುವ ಸುಲ್ತಾನ ಬರುತ್ತಾನೆ, ಅಲ್ಲಿಯವರೆಗೆ ಈ ಕಂಬವನ್ನು ಯಾರೂ ಅಲ್ಲಾಡಿಸಲಾರರು ಅಂತ ಇದರಲ್ಲಿ ಬರೆದಿದೆ!

ಕೇಳುವವನಿಗೆ ಏನು ಬೇಕೋ ಅದನ್ನೇ ಕಲ್ಲು ಹೇಳಿತು, ಅಲ್ವಾ? ಅವರನ್ನು ಬೈಯುವುದಕ್ಕೆ ನನಗೆ ಮನಸ್ಸಿಲ್ಲ. ಸುಲ್ತಾನನ ಎದುರು ನಿಂತವರ ಪಾಡು ಅದು. ಆದರೆ ಗಮನಿಸಿ, ಆ ಮಾತು ಸುಳ್ಳು ಅಂತ ತೋರಿಸಲು ಅಲ್ಲಿ ಯಾರಿಗೂ ದಾರಿ ಇರಲಿಲ್ಲ. ಹದಿನೇಳನೇ ಶತಮಾನದಲ್ಲಿ ದೆಹಲಿಗೆ ಬಂದ ಒಬ್ಬ ಇಂಗ್ಲಿಷ್ ಪ್ರವಾಸಿ ಇದು ಗ್ರೀಕ್ ಬರಹ, ಅಲೆಕ್ಸಾಂಡರ್ ಪೋರಸ್‌ನನ್ನು ಗೆದ್ದದ್ದಕ್ಕೆ ನಿಲ್ಲಿಸಿದ ಕಂಬ ಅಂದುಕೊಂಡ. ಅವನ ದೇಶದ ಓದು ಅವನ ಕಣ್ಣಿಗೆ ಹಾಗೆ ತೋರಿಸಿತು. ಹದಿನೆಂಟನೇ ಶತಮಾನದ ಕೊನೆಯಲ್ಲಿ ವಿಲ್ಫರ್ಡ್ ಅನ್ನುವ ಅಧಿಕಾರಿ ಪಂಡಿತರೊಬ್ಬರು ಕೊಟ್ಟ 'ಲಿಪಿಯ ಕೀಲಿಕೈ' ನಂಬಿ, ಎಲ್ಲೋರಾದ ಗುಹಾಶಾಸನಗಳು ಪಾಂಡವರ ವನವಾಸದ ವಿಷಯ ಹೇಳುತ್ತವೆ ಅಂತ ಅಚ್ಚು ಹಾಕಿಸಿದ. ಅಂಥ ಕೀಲಿಕೈ ಇರಲೇ ಇಲ್ಲ. ಮುಂದೆ ತನ್ನ ಪುರಾಣ ಸಂಶೋಧನೆಯಲ್ಲಿ ತನಗಾಗಿ ಕೆಲಸ ಮಾಡುತ್ತಿದ್ದ ಪಂಡಿತ ಹಸ್ತಪ್ರತಿಗಳನ್ನೇ ತಿದ್ದಿ ಮೋಸ ಮಾಡಿದ್ದು ವಿಲ್ಫರ್ಡ್‌ಗೆ ಗೊತ್ತಾಯಿತು. ಆಗ ಅವನು 1805ರಲ್ಲಿ ಅದನ್ನು ಎಲ್ಲರೂ ಓದುವ ಹಾಗೆ ಒಪ್ಪಿಕೊಂಡ. ಆ ಒಂದು ಕೆಲಸಕ್ಕೆ ಅವನ ಬಗ್ಗೆ ನನಗೆ ಗೌರವ ಇದೆ.

ಈಗ ಜೇಮ್ಸ್ ಪ್ರಿನ್ಸೆಪ್ ವಿಷಯಕ್ಕೆ ಬರೋಣ. ಕಲ್ಕತ್ತದ ಟಂಕಸಾಲೆಯಲ್ಲಿ ಲೋಹ ಪರೀಕ್ಷೆ ಮಾಡುವ ಅಧಿಕಾರಿ. ಏಷ್ಯಾಟಿಕ್ ಸೊಸೈಟಿಯ ಕಾರ್ಯದರ್ಶಿ. ಸೊಸೈಟಿಯ ಪತ್ರಿಕೆ ಅವರ ಕೈಯಲ್ಲೇ ಇತ್ತು. ದೇಶದ ಮೂಲೆಮೂಲೆಯಲ್ಲಿದ್ದ ಸೈನಿಕರು, ಎಂಜಿನಿಯರುಗಳು, ಪಾದ್ರಿಗಳು ತಾವು ಕಂಡ ನಾಣ್ಯ, ಶಾಸನಗಳ ನಕಲುಗಳನ್ನು ಅವರಿಗೆ ಕಳಿಸುತ್ತಿದ್ದರು. ಅವರು ಅದನ್ನೆಲ್ಲ ಅಚ್ಚು ಹಾಕುತ್ತಿದ್ದರು. ಗೊತ್ತಾಗದ್ದನ್ನೂ ಹಾಕುತ್ತಿದ್ದರು. ನನಗೆ ಇದು ತುಂಬಾ ಮುಖ್ಯ ಅನ್ನಿಸುತ್ತದೆ. ಓದಲು ಬರದ ಶಾಸನವನ್ನು ಪೆಟ್ಟಿಗೆಯಲ್ಲಿ ಮುಚ್ಚಿಡದೆ ಎಲ್ಲರ ಮುಂದೆ ಇಟ್ಟರು. ನಕಲುಗಳನ್ನು ಪಕ್ಕಪಕ್ಕ ಇಟ್ಟಾಗ ದೆಹಲಿ, ಅಲಹಾಬಾದ್ ಮತ್ತು ಬಿಹಾರದ ಎರಡು ಕಂಬಗಳ ಮೇಲೆ ಇರುವುದು ಒಂದೇ ಪಾಠ ಅಂತ ಗೊತ್ತಾಯಿತು. ಒಂದು ಅಕ್ಷರವನ್ನೂ ಓದದೆ ಸಿಕ್ಕ ಫಲ ಅದು.

1837ರಲ್ಲಿ ಸಾಂಚಿಯ ಸ್ತೂಪದಿಂದ ಚಿಕ್ಕಚಿಕ್ಕ ಬರಹಗಳ ನಕಲು ಬಂದವು. ಕಟಕಟೆಯ ಕಲ್ಲುಗಳ ಮೇಲೆ ಒಂದೊಂದು ಸಾಲು. ಬರಹ ಬೇರೆಬೇರೆ, ಆದರೆ ಹೆಚ್ಚು ಕಡಿಮೆ ಎಲ್ಲವೂ ಅದೇ ಎರಡು ಅಕ್ಷರಗಳಿಂದ ಮುಗಿಯುತ್ತಿದ್ದವು. ಕೊನೆಯ ಅಕ್ಷರದ ಪಕ್ಕ ಒಂದು ಚುಕ್ಕೆ. ಪ್ರಿನ್ಸೆಪ್ ಯೋಚಿಸಿದರು. ಇಷ್ಟು ಕಲ್ಲುಗಳ ಮೇಲೆ ಇಷ್ಟು ಚಿಕ್ಕ ಬರಹ ಅಂದರೆ ಇದು ರಾಜನ ಆಜ್ಞೆಯಾಗಿರಲಿಕ್ಕಿಲ್ಲ. ನಮ್ಮ ದೇವಸ್ಥಾನಗಳಲ್ಲಿ ಮೆಟ್ಟಿಲ ಮೇಲೆ, ಗಂಟೆಯ ಮೇಲೆ, ಟ್ಯೂಬ್‌ಲೈಟಿನ ಮೇಲೂ 'ಇಂಥವರ ಸೇವೆ' ಅಂತ ಬರೆಸುತ್ತಾರಲ್ಲ, ಇದೂ ಅಂಥದ್ದೇ ಇರಬೇಕು. ಹಾಗಾದರೆ ಕೊನೆಯ ಪದ 'ದಾನಂ'. ಅದರ ಹಿಂದಿನ ಅಕ್ಷರ 'ಸ', ಅಂದರೆ 'ಇಂಥವರ'. ಇಂಥವರ ದಾನ. ದ, ನ, ಸ ಮತ್ತು ಅನುಸ್ವಾರ ಕೈಗೆ ಬಂದವು. ಸ್ವಲ್ಪ ದಿನಗಳಲ್ಲೇ ಉಳಿದ ಅಕ್ಷರಗಳೂ ಒಂದೊಂದಾಗಿ ಬಂದವು.

ಊಹೆ ಚೆನ್ನಾಗಿತ್ತು. ಆದರೆ ಚೆನ್ನಾಗಿದೆ ಅನ್ನುವುದೊಂದೇ ಸಾಕಾಗುವುದಿಲ್ಲ. ಫಿರೋಜ್ ಷಾ ಎದುರು ನಿಂತವರ ಊಹೆಯೂ ಸುಲ್ತಾನನ ಕಿವಿಗೆ ಚೆನ್ನಾಗಿಯೇ ಕೇಳಿಸಿತ್ತು. ಪ್ರಿನ್ಸೆಪ್ ಊಹೆಗೆ ಬೆಲೆ ಬಂದದ್ದು ಅದೇ ಅಕ್ಷರಗಳನ್ನು ದೆಹಲಿಯ ಕಂಬದ ಮೇಲೆ ಇಟ್ಟು ಓದಿದಾಗ. ಸಾಂಚಿಯ ದಾನಿಗಳ ಹೆಸರಿನಿಂದ ಹುಟ್ಟಿದ ವರ್ಣಮಾಲೆ ಸಂಬಂಧವೇ ಇಲ್ಲದ ಇನ್ನೊಂದು ಊರಿನ ಕಲ್ಲಿನಲ್ಲಿ ಅರ್ಥವುಳ್ಳ ವಾಕ್ಯ ಕೊಟ್ಟಿತು. 'ದೇವಾನಂಪಿಯೇ ಪಿಯದಸಿ ಲಾಜ ಹೇವಂ ಆಹ.' ದೇವರಿಗೆ ಪ್ರಿಯನಾದ ಪ್ರಿಯದರ್ಶಿ ರಾಜ ಹೀಗೆ ಹೇಳುತ್ತಾನೆ. ತಪ್ಪು ವರ್ಣಮಾಲೆಯಾಗಿದ್ದರೆ ಅಲ್ಲಿ ಅರ್ಥವಿಲ್ಲದ ಅಕ್ಷರಗಳ ರಾಶಿ ಬರುತ್ತಿತ್ತು.

ಅರ್ಥ ಬಿಡಿಸುವಾಗ ಪ್ರಿನ್ಸೆಪ್ ಒಬ್ಬರೇ ಇರಲಿಲ್ಲ. ಕಮಲಾಕಾಂತ ವಿದ್ಯಾಲಂಕಾರ ಅನ್ನುವ ಪಂಡಿತರು ಜೊತೆಗಿದ್ದರು. ಪಠ್ಯಪುಸ್ತಕದಲ್ಲಿ ಅವರ ಹೆಸರು ಬರುವುದಿಲ್ಲ. ಬರಬೇಕು ಅಂತ ನನ್ನ ಬಲವಾದ ಅಭಿಪ್ರಾಯ.

ಸರಿ, ಓದಿದ್ದಾಯಿತು. ಈ ಪ್ರಿಯದರ್ಶಿ ಯಾರು? ಪುರಾಣದ ಪಟ್ಟಿಗಳಲ್ಲಿ ಆ ಹೆಸರಿನ ರಾಜ ಇಲ್ಲ. ಪ್ರಿನ್ಸೆಪ್ ಒಂದು ಉತ್ತರ ಕೊಟ್ಟರು: ಇವನು ಸಿಂಹಳದ ರಾಜ ದೇವಾನಂಪಿಯ ತಿಸ್ಸ. ಬಿರುದು ಒಂದೇ, ಬೌದ್ಧಧರ್ಮದ ನಂಟೂ ಇದೆ. ಆ ಕ್ಷಣಕ್ಕೆ ಅವರ ಹತ್ತಿರ ಇದ್ದ ಸಾಕ್ಷ್ಯದ ಮಟ್ಟಿಗೆ ಒಪ್ಪುವ ಮಾತೇ. ಆದರೂ ತಪ್ಪು.

ತಿದ್ದಿದವರು ಜಾರ್ಜ್ ಟರ್ನರ್. ಸಿಂಹಳದಲ್ಲಿ ಸರ್ಕಾರಿ ನೌಕರಿಯಲ್ಲಿದ್ದವರು. ಅಲ್ಲಿನ ಬೌದ್ಧ ಭಿಕ್ಷುಗಳ ನೆರವಿನಿಂದ ಪಾಲಿ ಗ್ರಂಥಗಳನ್ನು ಓದುತ್ತಿದ್ದರು. ಭಿಕ್ಷುಗಳು ತಲೆಮಾರಿನಿಂದ ತಲೆಮಾರಿಗೆ ತಾಳೆಗರಿಯಲ್ಲಿ ನಕಲು ಮಾಡಿ ಉಳಿಸಿಕೊಂಡು ಬಂದ 'ದೀಪವಂಸ'ದಲ್ಲಿ ಅವರಿಗೆ ಒಂದು ಸಾಲು ಸಿಕ್ಕಿತು. ಬುದ್ಧನ ನಿರ್ವಾಣವಾಗಿ 218 ವರ್ಷದ ಮೇಲೆ ಪ್ರಿಯದರ್ಶಿಗೆ ಪಟ್ಟವಾಯಿತು, ಅವನು ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ ಅಂತ. ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ ಅಂದರೆ ಅಶೋಕ. ಟರ್ನರ್ ಇದನ್ನು ಬರೆದು ಕಳಿಸಿದರು. ಪ್ರಿನ್ಸೆಪ್ ತಾವೇ ನಡೆಸುತ್ತಿದ್ದ ಪತ್ರಿಕೆಯಲ್ಲಿ, ತಮ್ಮ ಮಾತನ್ನು ಸುಳ್ಳು ಮಾಡುವ ಆ ಬರಹವನ್ನು ಅಚ್ಚು ಹಾಕಿದರು. ತಪ್ಪು ಅಚ್ಚಾದ ಜಾಗದಲ್ಲೇ ತಿದ್ದುಪಡಿಯೂ ಅಚ್ಚಾಯಿತು. ಇಡೀ ಕತೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು.

ಆಮೇಲೆ ಗುಜರಾತಿನ ಗಿರನಾರ್ ಬಂಡೆಯ ನಕಲು ಬಂತು. ಅದರಲ್ಲಿ 'ಅಂತಿಯೋಕ' ಅನ್ನುವ ಯವನ ರಾಜನ ಹೆಸರು ಕಂಡಿತು. ಅಶೋಕನ ಬಂಡೆ ಶಾಸನಗಳ ಸಾಲಿನಲ್ಲಿ ಹದಿಮೂರನೆಯದರಲ್ಲಿ ಐದು ಗ್ರೀಕ್ ರಾಜರ ಹೆಸರುಗಳಿವೆ. ಗ್ರೀಕ್ ಇತಿಹಾಸದಲ್ಲಿ ಆ ಐವರ ಆಳ್ವಿಕೆಯ ಕಾಲ ಮೊದಲೇ ಗೊತ್ತಿತ್ತು. ಐವರೂ ಒಟ್ಟಿಗೆ ಬದುಕಿದ್ದ ಕಾಲ ಅಂದರೆ ಕ್ರಿ.ಪೂ. 3ನೇ ಶತಮಾನದ ಮಧ್ಯಭಾಗ. ಸಿಂಹಳದ ಗ್ರಂಥಕ್ಕೂ ಗ್ರೀಸಿನ ಗ್ರಂಥಕ್ಕೂ ಯಾವ ಮಾತುಕತೆಯೂ ಆಗಿರಲಿಲ್ಲ. ಎರಡೂ ಬೇರೆಬೇರೆ ದಿಕ್ಕಿನಿಂದ ಬಂದು ಮೌರ್ಯರ ಕಾಲಕ್ಕೇ ಕೈತೋರಿಸಿದವು. ಒಬ್ಬರನ್ನೊಬ್ಬರು ಕಾಣದ ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಅದರ ತೂಕವೇ ಬೇರೆ.

ಪ್ರಿನ್ಸೆಪ್ 1840ರಲ್ಲಿ ತೀರಿಕೊಂಡರು. ಆಗ ಅವರಿಗೆ ನಲವತ್ತು ವರ್ಷ.

ಇಲ್ಲಿ ಸ್ವಲ್ಪ ನಿಂತು ನಕಲಿನ ವಿಷಯ ಹೇಳಬೇಕು. ಶಾಸನ ಓದುವುದು ಅಂದರೆ ಕಲ್ಲಿನ ಮುಂದೆ ಕೂತು ಓದುವುದು ಅಂತ ಜನ ಅಂದುಕೊಂಡಿರುತ್ತಾರೆ. ಮೊದಮೊದಲು ನೋಡಿ ಬರೆದ ನಕಲುಗಳೇ ಜಾಸ್ತಿ. ಅದರಲ್ಲಿ ಒಂದು ತೊಂದರೆ ಇದೆ. ಕೈ ಬರೆಯುವುದು ಕಣ್ಣು ಕಂಡದ್ದನ್ನಲ್ಲ, ಮನಸ್ಸು ಅಂದುಕೊಂಡದ್ದನ್ನು. ಕಲ್ಲಿನ ಬಿರುಕು ಒತ್ತಕ್ಷರವಾಗಿಬಿಡುತ್ತದೆ. ಸವೆದ ಚುಕ್ಕೆ ಮಾಯವಾಗುತ್ತದೆ. ಇದಕ್ಕೆ ಮದ್ದು ಪಡಿಯಚ್ಚು.

ಪಡಿಯಚ್ಚು ತೆಗೆಯುವುದನ್ನು ನೀವು ಒಮ್ಮೆಯಾದರೂ ನೋಡಬೇಕು. ಮೊದಲು ಕಲ್ಲನ್ನು ನೀರು ಹಾಕಿ ಬ್ರಷ್ಷಿನಿಂದ ತಿಕ್ಕಿ ತೊಳೆಯುತ್ತಾರೆ. ಅಕ್ಷರದ ಒಳಗೆ ಕೂತ ಮಣ್ಣು, ಪಾಚಿ ಹೋಗಬೇಕು. ಒದ್ದೆ ಮಾಡಿದ ಕಾಗದವನ್ನು ಕಲ್ಲಿನ ಮೇಲೆ ಹಾಸುತ್ತಾರೆ. ಗಾಳಿಗುಳ್ಳೆ ಉಳಿಯದ ಹಾಗೆ ಮಧ್ಯದಿಂದ ಅಂಚಿಗೆ ಒತ್ತುತ್ತಾರೆ. ಆಮೇಲೆ ಗಟ್ಟಿ ಕೂದಲಿನ ಬ್ರಷ್ಷಿನಿಂದ ಅದರ ಮೇಲೆ ತಟ್ಟಿ ತಟ್ಟಿ ಕಾಗದ ಪ್ರತಿ ಅಕ್ಷರದ ಗೀರಿನೊಳಗೆ ಇಳಿಯುವ ಹಾಗೆ ಮಾಡುತ್ತಾರೆ. ಜೋರಾಗಿ ತಟ್ಟಿದರೆ ಕಾಗದ ಹರಿಯುತ್ತದೆ, ಮೆಲ್ಲಗೆ ತಟ್ಟಿದರೆ ಅಕ್ಷರ ಮೂಡುವುದಿಲ್ಲ. ಸ್ವಲ್ಪ ಆರಿದ ಮೇಲೆ ಶಾಯಿಯಲ್ಲಿ ಅದ್ದಿದ ಬಟ್ಟೆಯುಂಡೆಯಿಂದ ಮೇಲ್ಮೇಲೆ ಒತ್ತುತ್ತಾ ಹೋಗುತ್ತಾರೆ. ಉಬ್ಬಿದ ಜಾಗ ಕಪ್ಪಾಗುತ್ತದೆ, ಗೀರಿನೊಳಗೆ ಇಳಿದ ಜಾಗ ಬಿಳಿಯಾಗಿ ಉಳಿಯುತ್ತದೆ. ಕಪ್ಪು ಹಾಳೆಯ ಮೇಲೆ ಬಿಳಿ ಅಕ್ಷರ. ಬಿರುಕೂ ಹಾಗೆಯೇ ಬರುತ್ತದೆ, ಉಳಿ ಜಾರಿದ ಗುರುತೂ ಬರುತ್ತದೆ.

ಇದರಿಂದ ಏನಾಯಿತು ಅಂದರೆ, ನಾನು ಓದಿದ್ದನ್ನು ನೀವು ನಂಬಬೇಕಾಗಿಲ್ಲ. ಪಡಿಯಚ್ಚು ನಿಮ್ಮ ಮುಂದೆ ಇದೆ. ಸಾವಿರ ಮೈಲಿ ದೂರದಲ್ಲಿ, ನೂರು ವರ್ಷ ಆದ ಮೇಲೆ, ನನ್ನನ್ನು ಕಂಡರೆ ಆಗದವರೂ ಅದನ್ನು ನೋಡಿ 'ಇದು ತಪ್ಪು, ಇದು ಗ ಅಲ್ಲ, ತ' ಅಂತ ಹೇಳಬಹುದು. ಶಾಸನದ ಪುಸ್ತಕಗಳಲ್ಲಿ ಪಾಠದ ಜೊತೆಗೆ ಪಡಿಯಚ್ಚಿನ ಚಿತ್ರ ಕೊಡುವುದು ಅದಕ್ಕೇ. ಚಂದಕ್ಕೆ ಕೊಟ್ಟದ್ದಲ್ಲ ಅದು.

ಈಗ ನಮ್ಮ ಕಡೆ ಬರೋಣ. ಬಿ. ಎಲ್. ರೈಸ್ ನಿಮಗೆ ಗೊತ್ತು. ನಮ್ಮ ನಾಡಿನ ಶಾಸನಗಳನ್ನು ಒಟ್ಟು ಸೇರಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳ ರೈಸ್. ಪ್ರಿನ್ಸೆಪ್ ಬ್ರಾಹ್ಮಿ ಓದಿದ ಅದೇ 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. 1892ರಲ್ಲಿ ಅವರು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಬೆಳಕಿಗೆ ತಂದರು ಅನ್ನುವಾಗ ಒಂದು ಮಾತು ಸೇರಿಸಬೇಕು. ಬ್ರಹ್ಮಗಿರಿಯ ಆ ಬಂಡೆಗೆ ಊರಿನವರು 'ಅಕ್ಷರಗುಂಡು' ಅಂತಲೇ ಕರೆಯುತ್ತಿದ್ದರು. ಅಲ್ಲಿ ಅಕ್ಷರ ಇದೆ ಅಂತ ಅವರಿಗೆ ಯಾವತ್ತೋ ಗೊತ್ತಿತ್ತು. ಅಂಥ ಅಕ್ಷರವನ್ನು ಓದುವುದು ಹೇಗೆ ಅನ್ನುವುದು ಕಲ್ಕತ್ತದಲ್ಲಿ ಓದಲು ಕಲಿತವರಿಗೆ ಗೊತ್ತಿತ್ತು. ಎರಡು ತಿಳಿವಳಿಕೆ ಸೇರುವುದಕ್ಕೆ ಯಾರೋ ಒಬ್ಬರು ನಡೆದು ಹೋಗಬೇಕಿತ್ತು.

ಬ್ರಹ್ಮಗಿರಿಯ ಶಾಸನ ಸುವರ್ಣಗಿರಿ ಅನ್ನುವ ಊರಿನಿಂದ ಆರ್ಯಪುತ್ರನೂ (ಅಂದರೆ ರಾಜಕುಮಾರ) ಮಹಾಮಾತ್ರರೂ (ಅಂದರೆ ಹಿರಿಯ ಅಧಿಕಾರಿಗಳು) ಇಸಿಲ ಅನ್ನುವ ಊರಿನ ಮಹಾಮಾತ್ರರಿಗೆ ಕಳಿಸಿದ ಆದೇಶ. ಕ್ಷೇಮ ಸಮಾಚಾರ ಕೇಳಿ ಶುರುವಾಗುತ್ತದೆ. ನಾನು ಉಪಾಸಕನಾಗಿ, ಅಂದರೆ ಬುದ್ಧನ ಗೃಹಸ್ಥ ಅನುಯಾಯಿಯಾಗಿ, ಎರಡೂವರೆ ವರ್ಷವಾಯಿತು, ಮೊದಲ ಒಂದು ವರ್ಷ ಅಷ್ಟಾಗಿ ಪ್ರಯತ್ನ ಪಡಲಿಲ್ಲ ಅಂತ ರಾಜ ಹೇಳಿಕೊಳ್ಳುತ್ತಾನೆ. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, 'ಸಚಂ ವತವಿಯಂ', ನಿಜ ಹೇಳಬೇಕು. ಕೊನೆಗೆ ಬರೆದವನ ರುಜು: ಚಪಡ. ಅಲ್ಲಿಯವರೆಗೆ ಎಲ್ಲವೂ ಎಡದಿಂದ ಬಲಕ್ಕೆ ಓಡುವ ಬ್ರಾಹ್ಮಿ. 'ಲಿಪಿಕಾರ' ಅನ್ನುವ ಪದ ಮಾತ್ರ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ. ಅದು ಗಾಂಧಾರದ ಕಡೆಯ, ಅಂದರೆ ಈಗಿನ ಪಾಕಿಸ್ತಾನ, ಅಫ್ಘಾನಿಸ್ತಾನದ ಗಡಿ ಸೀಮೆಯ ಲಿಪಿ. ಈ ಮನುಷ್ಯ ಬಹುಶಃ ಅಲ್ಲಿಂದ ಬಂದವನು, ಇಲ್ಲವೇ ಅಲ್ಲಿ ಕಲಿತವನು. ಮೊಳಕಾಲ್ಮೂರಿನ ಬಂಡೆಯ ಮೇಲೆ ಅವನು ತನ್ನ ಕಸುಬಿನ ಹೆಸರನ್ನು ತನ್ನ ಸೀಮೆಯ ಅಕ್ಷರದಲ್ಲಿ ಬರೆದ. ಕಲ್ಲಿನಲ್ಲಿ ಇರುವುದು ಆ ಅಕ್ಷರ, 'ಬಹುಶಃ' ನಾವು ಸೇರಿಸಿದ್ದು. ಎರಡರ ನಡುವಿನ ಗೆರೆಯನ್ನು ಅಳಿಸಬಾರದು.

ಇದೇ ಶಾಸನದಲ್ಲಿ 256 ಅನ್ನುವ ಅಂಕೆ ಇದೆ. ಏನದು? ಆ ಕಾಲದ ದೊಡ್ಡ ವಿದ್ವಾಂಸ ಬ್ಯೂಲರ್ ಇದನ್ನು ಬುದ್ಧನ ನಿರ್ವಾಣವಾಗಿ 256 ವರ್ಷ ಅಂತ ಅರ್ಥ ಮಾಡಿದರು. ಹಾಗಿದ್ದರೆ ಬುದ್ಧ ಯಾವ ವರ್ಷ ತೀರಿಕೊಂಡ ಅನ್ನುವುದಕ್ಕೆ ಕಲ್ಲಿನಲ್ಲೇ ಲೆಕ್ಕ ಸಿಕ್ಕ ಹಾಗೆ! ಎಂಥ ಆಸೆ ಹುಟ್ಟಿಸುವ ಉತ್ತರ. ಬಹಳ ಕಾಲ ಜಗಳ ನಡೆಯಿತು. ಕೊನೆಗೆ ಬಿಹಾರದ ಸಹಸ್ರಾಮ್‌ನಲ್ಲಿರುವ ಇದೇ ಪಾಠದ ಇನ್ನೊಂದು ಪ್ರತಿಯನ್ನು ಮತ್ತೆ ಸೂಕ್ಷ್ಮವಾಗಿ ನೋಡಿದರು. ಅಲ್ಲಿ 256ರ ಜೊತೆ 'ಲಾತಿ' ಅಂತ ಇದೆ. ಲಾತಿ ಅಂದರೆ ರಾತ್ರಿ. ಪ್ರಯಾಣದಲ್ಲಿ ಕಳೆದ 256 ರಾತ್ರಿಗಳು. ದೊಡ್ಡ ವಿದ್ವಾಂಸರ ದೊಡ್ಡ ಉತ್ತರ ಹೋಯಿತು, ಚಿಕ್ಕ ಉತ್ತರ ಉಳಿಯಿತು. ಇವತ್ತು ಸಾಮಾನ್ಯವಾಗಿ ಎಲ್ಲರೂ ಒಪ್ಪುವುದು ಇದನ್ನೇ.

ಇಷ್ಟಾದರೂ ಒಂದು ಕೊರತೆ ಇತ್ತು. ಯಾವ ಶಾಸನದಲ್ಲೂ ರಾಜ ತನ್ನನ್ನು ಅಶೋಕ ಅಂತ ಕರೆದುಕೊಂಡಿರಲಿಲ್ಲ. ದೇವಾನಂಪಿಯ ಅನ್ನುವುದು ಬಿರುದು. ಅಶೋಕನ ಮೊಮ್ಮಗ ದಶರಥನೂ ನಾಗಾರ್ಜುನಿ ಗುಹೆಗಳಲ್ಲಿ ಅದೇ ಬಿರುದು ಹಾಕಿಕೊಂಡಿದ್ದಾನೆ. ಟರ್ನರ್ ಹೇಳಿದ್ದನ್ನು ಬಹುತೇಕ ಎಲ್ಲರೂ ಒಪ್ಪಿದ್ದರು. ಆದರೂ ಅದು ಗ್ರಂಥದ ಮೂಲಕ ಹಾಕಿದ ಸೇತುವೆ.

1915ರಲ್ಲಿ ಸಿ. ಬೀಡನ್ ಅನ್ನುವ ಗಣಿ ಎಂಜಿನಿಯರ್ ಆಗಿನ ನಿಜಾಮರ ಸೀಮೆಯಲ್ಲಿದ್ದ ಮಸ್ಕಿಯ ಸುತ್ತ ಚಿನ್ನದ ನಿಕ್ಷೇಪ ಹುಡುಕುತ್ತಿದ್ದರು. ಹಟ್ಟಿ ಚಿನ್ನದ ಗಣಿ ಇರುವ ಸೀಮೆ ಅದು. ಬಂಡೆಯ ಮೇಲೆ ಬರಹ ಕಂಡಿತು. ಅವರಿಗೆ ಓದಲು ಬರುತ್ತಿರಲಿಲ್ಲ, ಆದರೆ ಓದಬಲ್ಲವರಿಗೆ ತಿಳಿಸಿದರು. ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. ಮೊದಲ ಪದಗಳೇ 'ದೇವಾನಂಪಿಯಸ ಅಸೋಕಸ'. ಮುಂದಿನ ಪಾಠ ಬ್ರಹ್ಮಗಿರಿಯಲ್ಲಿ ನೋಡಿದ ಅದೇ ಎರಡೂವರೆ ವರ್ಷದ ಮಾತು. ಮಸ್ಕಿಯ ಬೆಲೆ ಇರುವುದು ಇಲ್ಲಿ. ಹೆಸರು ಒಂದೇ ಸಿಕ್ಕಿದ್ದರೆ ಸಾಕಾಗುತ್ತಿರಲಿಲ್ಲ. ಬೇರೆ ಕಡೆ ಬರೀ ಬಿರುದಿನಲ್ಲಿ ಹೊರಟ ಅದೇ ಆದೇಶದ ಮೇಲೆ ಈ ಹೆಸರು ಇತ್ತು. 1950ರ ದಶಕದಲ್ಲಿ ಮಧ್ಯಪ್ರದೇಶದ ಗುಜರ್ರಾದಲ್ಲಿ ಇದೇ ಆದೇಶದ ಮತ್ತೊಂದು ಪ್ರತಿ ಸಿಕ್ಕಿತು. ಅದರಲ್ಲಿ ದೇವಾನಂಪಿಯ, ಪಿಯದಸಿ, ಅಸೋಕರಾಜ ಮೂರೂ ಒಟ್ಟಿಗೆ ಇವೆ. 1970ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೆಗೊಳಂಗಳಲ್ಲೂ ಅಶೋಕನ ಹೆಸರು ಸಿಕ್ಕಿತು. ಅದಕ್ಕೆ ಮುಂಚೆ, 1931ರಲ್ಲಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು ಶಾಸನಗಳು ಬೆಳಕಿಗೆ ಬಂದಿದ್ದವು.

ಇನ್ನು ಸನ್ನತಿ. ಕಲಬುರಗಿ ಜಿಲ್ಲೆ, ಭೀಮಾ ನದಿಯ ದಂಡೆ, ಚಂದ್ರಲಾಂಬೆಯ ಕ್ಷೇತ್ರ. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಚಾವಣಿ ಕುಸಿಯಿತು. ದೇವಿಯ ಮೂರ್ತಿಯ ಕೆಳಗೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಕಲ್ಲಿನ ಎರಡೂ ಮುಖದಲ್ಲಿ ಬರಹ, ನಡುವೆ ಪೀಠಕ್ಕಾಗಿ ಕೊರೆದ ರಂಧ್ರ. ಓದಿ ನೋಡಿದಾಗ ವಿದ್ವಾಂಸರು ಬೆರಗಾದರು. ಅಶೋಕನ ಶಾಸನಗಳಲ್ಲಿ 'ಕಳಿಂಗದ ಪ್ರತ್ಯೇಕ ಶಾಸನಗಳು' ಅಂತ ಎರಡಿವೆ. ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ ಸಿಕ್ಕಿದ್ದವು. ಯುದ್ಧದಲ್ಲಿ ನೊಂದ ಕಳಿಂಗದ ಜನರಿಗಾಗಿಯೇ ಬರೆಸಿದ್ದು ಅಂತ ಒಂದೂವರೆ ಶತಮಾನ ಎಲ್ಲರೂ ಹೇಳಿಕೊಂಡು ಬಂದಿದ್ದರು. ಆ ಎರಡೂ ಸನ್ನತಿಯ ಕಲ್ಲಿನ ಮೇಲೆ ಇದ್ದವು. ಹಾಗಾದರೆ ಅವು ಕಳಿಂಗಕ್ಕೆ ಮಾತ್ರ ಅನ್ನುವ ಮಾತು ನಿಲ್ಲುವುದಿಲ್ಲ. ಪುಸ್ತಕಗಳಲ್ಲಿ ಹಳೆಯ ಹೆಸರು ಇನ್ನೂ ಉಳಿದಿದೆ, ಅರ್ಥ ಮಾತ್ರ ಬದಲಾಗಿದೆ.

ಅದೇ ಚಪ್ಪಡಿಯ ಇನ್ನೊಂದು ಮುಖದಲ್ಲಿ ಹನ್ನೆರಡನೇ ಶಾಸನದ ಭಾಗ ಇದೆ. ಬೇರೆಬೇರೆ ಪಂಥಗಳವರು ತಮ್ಮದನ್ನೇ ಹೊಗಳಿಕೊಂಡು ಇತರರನ್ನು ತೆಗಳಬಾರದು, ಮಾತಿನಲ್ಲಿ ಹಿಡಿತ ಇರಬೇಕು, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು ಅಂತ ಹೇಳುವ ಶಾಸನ ಅದು.

ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ ದೊಡ್ಡ ಸ್ತೂಪ ಸಿಕ್ಕಿತು. ಒಂದು ಫಲಕದಲ್ಲಿ ರಾಜ, ರಾಣಿ, ಪರಿಚಾರಕಿಯರು. ಮೇಲೆ ಬ್ರಾಹ್ಮಿಯಲ್ಲಿ 'ರಾಯಾ ಅಸೋಕೋ'. ಇದು ಅಶೋಕನ ಮುಖ ಅಂತ ಪತ್ರಿಕೆಗಳಲ್ಲಿ ಬರುತ್ತದೆ. ಹಾಗೆ ಹೇಳಬಾರದು. ಶಿಲ್ಪ ಕೆತ್ತಿದ್ದು ಅಶೋಕ ಸತ್ತು ಬಹಳ ಕಾಲವಾದ ಮೇಲೆ. ಕೆತ್ತಿದವನು ಅವನನ್ನು ನೋಡಿರಲಿಲ್ಲ. ಭೀಮೆಯ ದಂಡೆಯ ಜನ ಅವನನ್ನು ಅಷ್ಟು ಕಾಲ ಹೆಸರು ಹಿಡಿದು ನೆನಪಿಟ್ಟಿದ್ದರು ಅನ್ನುವುದು ಇದರಿಂದ ಗೊತ್ತಾಗುತ್ತದೆ. ಅದು ಸಣ್ಣ ಸಂಗತಿಯಲ್ಲ.

ಇನ್ನೊಂದು ಎಚ್ಚರ. ಸಿಂಹಳದ ಗ್ರಂಥ ಪ್ರಿಯದರ್ಶಿಯ ವಿಷಯದಲ್ಲಿ ಸರಿಯಾಗಿತ್ತು. ಹಾಗಂತ ಅದರಲ್ಲಿರುವುದೆಲ್ಲ ಸರಿಯೇ? ಅಶೋಕ ತನ್ನ ತೊಂಬತ್ತೊಂಬತ್ತು ಅಣ್ಣತಮ್ಮಂದಿರನ್ನು ಕೊಂದು ಪಟ್ಟಕ್ಕೆ ಬಂದ ಅನ್ನುವ ಕತೆಯೂ ಅದೇ ಪರಂಪರೆಯದು. ಆದರೆ ಐದನೇ ಬಂಡೆ ಶಾಸನದಲ್ಲಿ ಅವನೇ ತನ್ನ ಅಣ್ಣತಮ್ಮಂದಿರ, ಅಕ್ಕತಂಗಿಯರ ಮನೆಗಳನ್ನು ಹೆಸರಿಸಿ, ಅಲ್ಲಿಯೂ ಧರ್ಮಮಹಾಮಾತ್ರರು ಕೆಲಸ ಮಾಡುತ್ತಿದ್ದಾರೆ ಅನ್ನುತ್ತಾನೆ. ಒಂದು ಮಾತು ಸರಿಯಾಯಿತು ಅಂತ ಪುಸ್ತಕವನ್ನೇ ತಲೆಯ ಮೇಲೆ ಹೊರುವುದೂ ಬೇಡ, ಒಂದು ಮಾತು ತಪ್ಪಾಯಿತು ಅಂತ ಬಾವಿಗೆ ಎಸೆಯುವುದೂ ಬೇಡ. ಒಂದೊಂದು ಮಾತನ್ನೂ ಬೇರೆಬೇರೆಯಾಗಿ ತೂಗಬೇಕು. ಇದು ನಿಧಾನದ ಕೆಲಸ. ನಮ್ಮ ನಡುವೆ ಈಗ ಕಡಿಮೆಯಾಗುತ್ತಿರುವುದು ಈ ತಾಳ್ಮೆಯೇ ಅಂತ ನನಗೆ ಸಂಕಟವಾಗುತ್ತದೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು.

ಒಬ್ಬರು ಹಿರಿಯರು ಕೇಳಿದರು: "ಇದೆಲ್ಲ ಬಿಳಿಯರು ಹೇಳಿದ್ದು. ನಾವು ಯಾಕೆ ನಂಬಬೇಕು?"

ನಂಬಬೇಡಿ ಸರ್, ಪರೀಕ್ಷೆ ಮಾಡಿ. ಬ್ರಾಹ್ಮಿ ವರ್ಣಮಾಲೆ ಕಲಿಯುವುದು ಕಷ್ಟವಲ್ಲ. ಕಲಿತು ಬ್ರಹ್ಮಗಿರಿಗೆ ಹೋಗಿ ನೀವೇ ಓದಬಹುದು. ಅವರು ಅಧಿಕಾರದಲ್ಲಿದ್ದರು, ನಮ್ಮವರಿಗೆ ಸಲ್ಲಬೇಕಾದ ಹೆಸರು ಸಲ್ಲಲಿಲ್ಲ, ಇದು ನಿಜ. ಅದನ್ನು ಗಟ್ಟಿಯಾಗಿಯೇ ಹೇಳೋಣ. ಆದರೆ ಓದು ಸರಿಯೋ ತಪ್ಪೋ ಅನ್ನುವುದಕ್ಕೆ ಕಲ್ಲಿದೆ. ಕೃಷ್ಣಶಾಸ್ತ್ರಿಗಳಿಂದ ಹಿಡಿದು ಇವತ್ತಿನವರೆಗೆ ನಮ್ಮ ವಿದ್ವಾಂಸರು ಅದನ್ನು ಮತ್ತೆ ಮತ್ತೆ ಓದಿ, ಬೇಕಾದಲ್ಲಿ ತಿದ್ದಿದ್ದಾರೆ.

ಒಬ್ಬ ವಿದ್ಯಾರ್ಥಿನಿ ಕೇಳಿದರು: "ವಾಟ್ಸಾಪ್‌ನಲ್ಲಿ ದಿನಾ ಒಂದು ಹಳೇ ಶಾಸನದ ಫೋಟೋ ಬರುತ್ತೆ. ನಿಜಾನಾ ಸುಳ್ಳಾ ಹೇಗೆ ಗೊತ್ತಾಗುತ್ತೆ?"

ಮೊದಲು ಕಲ್ಲು ಯಾವ ಊರಿನಲ್ಲಿದೆ ಅಂತ ಕೇಳಿ. ಪಡಿಯಚ್ಚು ಎಲ್ಲಿ ಪ್ರಕಟವಾಗಿದೆ, ಬೇರೆ ಯಾರು ಓದಿದ್ದಾರೆ, ಅವರು ಒಪ್ಪಿದ್ದಾರಾ ಅಂತ ಕೇಳಿ. ಊರಿನ ಹೆಸರೂ ಇಲ್ಲದಿದ್ದರೆ ಸುಮ್ನೆ ಮುಂದೆ ಕಳಿಸಬೇಡಿ. ಸುಳ್ಳು ಅಂತ ಜಗಳಕ್ಕೆ ಹೋಗುವುದೂ ಬೇಡ. ಗೊತ್ತಿಲ್ಲ ಅಂತ ಇಟ್ಟುಕೊಳ್ಳಿ.

ಕೊಪ್ಪಳ ಕಡೆಯ ಒಬ್ಬರು ಕೇಳಿದರು: "ಸುವರ್ಣಗಿರಿ ಅಂದರೆ ನಮ್ಮ ಕನಕಗಿರಿನೇ ಅಲ್ಲೇನ್ರಿ?"

ಹೆಸರಿನ ಅರ್ಥ ಒಂದೇ, ನಿಜ. ಆದರೆ ಮಸ್ಕಿಯೇ ಸುವರ್ಣಗಿರಿ ಅನ್ನುವವರೂ ಇದ್ದಾರೆ, ಆಂಧ್ರದ ಜೊನ್ನಗಿರಿ ಅನ್ನುವವರೂ ಇದ್ದಾರೆ. ಜೊನ್ನಗಿರಿಯ ಹತ್ತಿರದ ಎರ್ರಗುಡಿಯಲ್ಲಿ ಅಶೋಕನ ಶಾಸನಗಳು ಇವೆ. ಮಸ್ಕಿಯಲ್ಲಿ ಶಾಸನವೂ ಇದೆ, ಸುತ್ತ ಚಿನ್ನವೂ ಇದೆ. ಇನ್ನೂ ತೀರ್ಮಾನವಾಗಿಲ್ಲ. ಆ ಹೆಸರು ಬರೆದ ಒಂದು ಮುದ್ರೆಯೋ ಕಲ್ಲೋ ಮೌರ್ಯರ ಕಾಲದ ಮಣ್ಣಿನ ಪದರದಲ್ಲಿ ಸಿಕ್ಕರೆ ಒಂದೇ ದಿನದಲ್ಲಿ ತೀರ್ಮಾನವಾಗಬಹುದು. ಅಲ್ಲಿಯವರೆಗೆ ನಿಮ್ಮ ಊರಿನ ಪರವಾಗಿ ಧಾರಾಳವಾಗಿ ವಾದ ಮಾಡಿ, ಸಾಕ್ಷ್ಯ ಕೂಡಿಸಿ.

ಕೊನೆಯದಾಗಿ ಒಬ್ಬ ಯುವಕರು ತಮ್ಮ ಹೊಲದ ಬದುವಿನಲ್ಲಿ ಬರಹ ಇರುವ ಕಲ್ಲೊಂದಿದೆ, ಏನು ಮಾಡಲಿ ಅಂತ ಕೇಳಿದರು.

ಕಲ್ಲನ್ನು ಅಲ್ಲಿಂದ ಎತ್ತಬೇಡಿ. ಅದು ಇರುವ ಜಾಗವೂ ಸಾಕ್ಷ್ಯವೇ. ಸುಣ್ಣ, ಬಣ್ಣ, ಎಣ್ಣೆ ಹಚ್ಚಬೇಡಿ. ಅಕ್ಷರ ಕಾಣಲಿ ಅಂತ ಚಾಕ್‌ಪೀಸಿನಿಂದ ತುಂಬಬೇಡಿ, ಆಗ ನಿಮ್ಮ ಕೈಯ ಅಕ್ಷರ ಅದಾಗುತ್ತದೆ. ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೆಯಿರಿ, ಅಕ್ಷರದ ನೆರಳು ಚೆನ್ನಾಗಿ ಬರುತ್ತದೆ. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಊರು, ಸರ್ವೆ ನಂಬರ್ ಬರೆದುಕೊಳ್ಳಿ. ಊರಿನ ಹಿರಿಯರು ಆ ಕಲ್ಲಿಗೆ ಏನು ಹೆಸರು ಹೇಳುತ್ತಾರೆ ಅಂತ ಕೇಳಿ, ಅದನ್ನೂ ಬರೆಯಿರಿ. ಮೈಸೂರಿನಲ್ಲಿ ಭಾರತೀಯ ಪುರಾತತ್ವ ಇಲಾಖೆಯ ಶಾಸನ ವಿಭಾಗ ಇದೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಶಾಸನಶಾಸ್ತ್ರ ವಿಭಾಗ ಇದೆ. ಎರಡೂ ಕಡೆ ಕಳಿಸಿ. ಇಬ್ಬರೂ ಒಂದೇ ರೀತಿ ಓದುತ್ತಾರಾ ನೋಡೋಣ.